ಶಿಫಾರಸು ಪತ್ರದಿಂದ ಲಿಂಕ್ಡ್‌ಇನ್‌ವರೆಗೆ: ಕನ್ನಡಿಗರು ನೌಕರಿ ಹುಡುಕಿದ ಬಗೆ

ಮಾನೇಸರಿನ ಪಕ್ಕದಲ್ಲಿ ಹಾಯ್ದು ಹೋಗುವ ರಾಷ್ಟ್ರೀಯ ಹೆದ್ದಾರಿಗೆ ಈಗ 48 ಎಂಬ ಸಂಖ್ಯೆ. ದೆಹಲಿಯಿಂದ ಹೊರಟು ಗುರುಗ್ರಾಮ, ಮಾನೇಸರ್, ಜೈಪುರ, ಅಹಮದಾಬಾದು, ಮುಂಬಯಿ, ಪುಣೆಗಳನ್ನು ದಾಟಿದ ಮೇಲೆ ಇದೇ ರಸ್ತೆ ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗ, ತುಮಕೂರುಗಳ ಮೇಲಾಗಿ ಬೆಂಗಳೂರನ್ನು ಮುಟ್ಟಿ, ಅಲ್ಲಿಂದ ಚೆನ್ನೈಗೆ ಸಾಗುತ್ತದೆ. ಕಾರ್ಖಾನೆಯ ಗೇಟಿನೆದುರು ಲಾರಿಗಳನ್ನು ನೋಡುತ್ತ ನಿಂತ ನಮ್ಮ ಹುಡುಗನಿಗೆ ಆ ದಾರಿ ತನ್ನ ಊರಿನ ಬಸ್ ನಿಲ್ದಾಣದವರೆಗೂ ಹೋಗುತ್ತದೆಂಬುದು ಬಹುಶಃ ಹೊಳೆದಿರಲಾರದು. ರಸ್ತೆ ಒಂದೇ ಆದರೂ ಆ ರಸ್ತೆಯಲ್ಲಿ ಇಲ್ಲಿಗೆ ಬಂದವರೆಲ್ಲ ಒಂದೇ ರೀತಿಯಲ್ಲಿ ಬಂದವರಲ್ಲ. ಒಬ್ಬನನ್ನು ಪರೀಕ್ಷೆ ಕರೆತಂದಿತು, ಇನ್ನೊಬ್ಬನನ್ನು ವರ್ಗಾವಣೆ, ಮತ್ತೊಬ್ಬನನ್ನು ಸೋದರಮಾವನ ಒಂದು ಮಾತು. ಈಚಿನ ಇಪ್ಪತ್ತು ವರ್ಷಗಳಲ್ಲಿ ಬಂದವರ ಪೈಕಿ ಹಲವರನ್ನು ಕಂಪ್ಯೂಟರಿನ ಪರದೆಯ ಮೇಲಿನ ಅಪರಿಚಿತನೊಬ್ಬನ ಸಂದೇಶವೇ ಕರೆತಂದಿದೆ.

ಈ ಕೊನೆಯ ಬಗೆಯನ್ನು ಕುರಿತು ನಮ್ಮ ಮನೆಗಳಲ್ಲಿ ಎರಡು ಅಭಿಪ್ರಾಯಗಳಿವೆ. ಹಿರಿಯರು ಅದನ್ನು ಹೊತ್ತು ಕಳೆಯುವ ಹುಚ್ಚೆನ್ನುತ್ತಾರೆ. ಕಿರಿಯರು ಅದಿಲ್ಲದೆ ನೌಕರಿಯೇ ಇಲ್ಲವೆನ್ನುತ್ತಾರೆ. ಆದರೆ ಲಿಂಕ್ಡ್‌ಇನ್ ಮುಂತಾದ ಜಾಲತಾಣಗಳು ಮಾಡುತ್ತಿರುವ ಕೆಲಸ ನಮಗೆ ಹೊಸದೇನೂ ಅಲ್ಲ. ವಲಸೆ ಹೋದ ಕನ್ನಡಿಗ ನೂರು ವರ್ಷಗಳಿಂದ ಪರಿಚಯದ ಹಾದಿಯಲ್ಲೇ ನಡೆದವನು. ಆ ಹಾದಿಯ ಚರಿತ್ರೆಯನ್ನು ಸ್ವಲ್ಪ ತಿರುವಿ ನೋಡಿದರೆ ಈಗ ನಮಗೆ ದೊರೆತದ್ದೇನು, ನಾವು ಕಳೆದುಕೊಂಡದ್ದೇನು ಎಂಬುದು ತಿಳಿಯುತ್ತದೆ.

ಕನ್ನಡದಲ್ಲಿ ಇದಕ್ಕೆ ಒಂದು ಹಳೆಯ ಮಾತಿದೆ, 'ವಶೀಲಿ'. ಒಳ್ಳೆಯ ಅರ್ಥದಲ್ಲಿ ಅದನ್ನು ಬಳಸುವವರು ಕಡಿಮೆ. 'ವಶೀಲಿ ಇದ್ದವನಿಗೆ ಕೆಲಸ' ಎಂದರೆ ಯೋಗ್ಯತೆ ಇದ್ದವನಿಗೆ ಅಲ್ಲ ಎಂದೇ ಅರ್ಥ. ಈ ಕಹಿಗೆ ಕಾರಣವಿದೆ. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರಿಗೆ ಮರಳಿ ಬಂದ ಮೇಲೆ ಸರ್ಕಾರಿ ಹುದ್ದೆಗಳು ಮದರಾಸಿನಿಂದ ಬಂದವರ ಪಾಲಾಗುತ್ತಿವೆಯೆಂಬ ಅಸಮಾಧಾನ ಸಂಸ್ಥಾನದಲ್ಲಿ ಹಬ್ಬಿತು. 'ಮೈಸೂರು ಮೈಸೂರಿನವರಿಗೆ' ಎಂಬ ಕೂಗು ಹುಟ್ಟಿದ್ದು ಆಗಲೇ. ಮೇಲೆ ಕುಳಿತವರು ತಮಗೆ ಗೊತ್ತಿದ್ದವರನ್ನು ಕರೆದರು. ಗೊತ್ತಿದ್ದವರೆಂದರೆ ತಮ್ಮ ಊರಿನವರು, ತಮ್ಮ ಕಾಲೇಜಿನವರು. ಮುಂದೆ ಸ್ಥಳೀಯರಿಗೇನೋ ಹುದ್ದೆಗಳು ದೊರೆತವು. ಆದರೆ ಆ ಸ್ಥಳೀಯರು ಯಾರು ಎಂಬ ಪ್ರಶ್ನೆ ಎದ್ದಿತು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿದರು. ಸರ್ಕಾರಿ ನೌಕರಿ ಒಂದೇ ಸಮುದಾಯದ ಕೈಯಲ್ಲಿ ನಿಂತಿದೆಯೆಂಬ ದೂರನ್ನು ವಿಚಾರಿಸುವುದು ಅದರ ಕೆಲಸ. 1919ರಲ್ಲಿ ವರದಿ ಬಂದಿತು, ಹಿಂದುಳಿದವರಿಗೆ ಹುದ್ದೆಗಳಲ್ಲಿ ಪಾಲು ಸಿಗಬೇಕೆಂದು ಅದು ಹೇಳಿತು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಈ ವಿಚಾರದಲ್ಲಿ ಭಿನ್ನಾಭಿಪ್ರಾಯವಿತ್ತು, ಅವರು 1918ರ ಕೊನೆಯಲ್ಲಿ ಹುದ್ದೆ ಬಿಟ್ಟರು. ದಿವಾನಗಿರಿ ಒಪ್ಪುವ ಮುನ್ನ ಅವರು ತಮ್ಮ ಮನೆಯವರಿಂದ 'ಶಿಫಾರಸು ಕೇಳುವುದಿಲ್ಲ' ಎಂದು ಮಾತು ತೆಗೆದುಕೊಂಡರೆಂಬ ಕಥೆಯನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ. ಕಥೆ ಚೆನ್ನಾಗಿದೆ. ಆದರೆ ಯಾರೂ ಶಿಫಾರಸು ಮಾಡದಿದ್ದರೂ ಕೆಲಸದ ಸುದ್ದಿಯೇ ಕೆಲವರ ಮನೆಗೆ ಮೊದಲು ತಲುಪುತ್ತದೆ, ಉಳಿದವರ ಮನೆಗೆ ತಲುಪುವುದೇ ಇಲ್ಲ. ಮಿಲ್ಲರ್ ಸಮಿತಿಯ ಮುಂದೆ ಇದ್ದದ್ದು ಈ ತೊಡಕು. ಇಂದಿಗೂ ಅದು ಬಗೆಹರಿದಿಲ್ಲ.

ಇನ್ನು ಮುಂಬಯಿಯ ಕಡೆ ನೋಡೋಣ. ನಮ್ಮ ವಲಸೆಯ ಚರಿತ್ರೆಯಲ್ಲಿ ಇಷ್ಟು ಸೊಗಸಾದ ಅಧ್ಯಾಯ ಇನ್ನೊಂದಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ದಕ್ಷಿಣ ಕನ್ನಡದ ಹುಡುಗರು ಮಂಗಳೂರು, ಮಲ್ಪೆಗಳಲ್ಲಿ ಹಡಗು ಹತ್ತಿ ಮುಂಬಯಿಗೆ ಹೋಗುತ್ತಿದ್ದರು. ಕೈಯಲ್ಲಿ ಒಂದು ಬಟ್ಟೆಯ ಗಂಟು, ಜೇಬಿನಲ್ಲಿ ಊರಿನ ಯಾರೋ ಬರೆದುಕೊಟ್ಟ ಒಂದು ಚೀಟಿ. ಆ ಚೀಟಿಯನ್ನು ಹಿಡಿದುಕೊಂಡು ಹೋದರೆ ಹೋಟೆಲಿನಲ್ಲಿ ಗ್ಲಾಸು ತೊಳೆಯುವ ಕೆಲಸ, ಎರಡು ಹೊತ್ತಿನ ಊಟ, ಮಲಗಲು ಅಂಗಡಿಯ ಜಗಲಿ. ಗ್ಲಾಸು ತೊಳೆಯುವವನು ಮುಂದೆ ಮಾಣಿಯಾಗುತ್ತಿದ್ದ, ಮಾಣಿ ಗಲ್ಲೆಗೆ ಕೂರುತ್ತಿದ್ದ, ಗಲ್ಲೆಯವನು ಧೈರ್ಯವಿದ್ದರೆ ತನ್ನದೇ ಹೋಟೆಲು ತೆರೆಯುತ್ತಿದ್ದ. 1942ರಲ್ಲಿ ಮಾಟುಂಗದಲ್ಲಿ ಎ. ರಾಮ ನಾಯಕರು ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆ ಕಾಲದ ಹೆಸರಾದ ಊಟದ ಮನೆಗಳಲ್ಲಿ ಒಂದು.

ಆ ಚೀಟಿಯಲ್ಲಿ ಹೆಚ್ಚೇನೂ ಇರುತ್ತಿರಲಿಲ್ಲ: ಪತ್ರ ತಂದವನು ನಮ್ಮ ಕಡೆಯ ಹುಡುಗ, ಇಂಥವರ ಮಗ, ನಡತೆ ಒಳ್ಳೆಯದು. ಆದರೆ ಬರೆದವರ ಸಹಿ ಕೆಳಗಿತ್ತು. ಹುಡುಗ ಗಲ್ಲೆಗೆ ಕೈಹಾಕಿದರೆ, ಹೇಳದೆ ಕೇಳದೆ ಓಡಿಹೋದರೆ, ಹೋಟೆಲಿನ ಯಜಮಾನರು ಮೊದಲು ಕೇಳುತ್ತಿದ್ದುದು ಸಹಿ ಮಾಡಿದವರನ್ನು. ಊರಿಗೆ ಹೋದಾಗ ಆ ಮಾತು ದೇವಸ್ಥಾನದ ಅಂಗಳದಲ್ಲಿ ಬರುತ್ತಿತ್ತು. ಹುಡುಗ ಚೆನ್ನಾಗಿ ಬಾಳಿದರೆ ಆ ಕೀರ್ತಿಯೂ ಅವರಿಗೇ. ಅಂದರೆ ಪರಿಚಯ ಪತ್ರ ಬರೆಯುವವರು ತಮ್ಮ ಮಾನವನ್ನೇ ಒತ್ತೆಯಿಟ್ಟು ಬರೆಯುತ್ತಿದ್ದರು. ಹೀಗಾಗಿ ಎಲ್ಲರಿಗೂ ಬರೆದುಕೊಡುತ್ತಿರಲಿಲ್ಲ, ಬರೆದುಕೊಟ್ಟದ್ದಕ್ಕೆ ಬೆಲೆ ಇರುತ್ತಿತ್ತು.

ಮುಂಬಯಿಯ ಕನ್ನಡಿಗರು ಇಷ್ಟಕ್ಕೇ ನಿಲ್ಲಲಿಲ್ಲ. ಹಗಲು ತಟ್ಟೆ ಎತ್ತಿದ ಹುಡುಗರಿಗೆ ರಾತ್ರಿ ಅಕ್ಷರ ಕಲಿಸಿದರು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಷ್ಟು ಹಿಂದೆಯೇ ಹುಟ್ಟಿತು. 1926ರಲ್ಲಿ ಮೈಸೂರು ಅಸೋಸಿಯೇಷನ್, 1927ರಲ್ಲಿ ಬಂಟರ ಸಂಘ, 1932ರಲ್ಲಿ ಬಿಲ್ಲವರ ಅಸೋಸಿಯೇಷನ್ ಬಂದವು. ಕನ್ನಡ ರಾತ್ರಿ ಶಾಲೆಗಳು ಬೇರೆ ಬೇರೆ ಬಡಾವಣೆಗಳಲ್ಲಿ ನಡೆದವು. ಹೋಟೆಲಿನ ಕೆಲಸ ಮುಗಿಸಿ, ಕೈಯಿಂದ ಎಣ್ಣೆಯ ವಾಸನೆ ಹೋಗುವ ಮೊದಲೇ ಬೆಂಚಿನ ಮೇಲೆ ಬಂದು ಕೂತ ಹುಡುಗರು ಮೆಟ್ರಿಕ್ ಮುಗಿಸಿದರು. ಅವರಲ್ಲಿ ಕೆಲವರು ಬ್ಯಾಂಕು ಸೇರಿದರು, ವಕೀಲರಾದರು, ಮೇಷ್ಟರಾದರು. ಇಲ್ಲೊಂದು ಸೂಕ್ಷ್ಮವಿದೆ. ಹುಡುಗನಿಗೆ ಮೊದಲ ಕೆಲಸ ಕೊಡಿಸಿದ್ದು ಅವನ ಜಾತಿಯ, ಊರಿನ ನೆಂಟಸ್ತಿಕೆ. ಹೋಟೆಲಿನಿಂದ ಕಚೇರಿಗೆ ಅವನನ್ನು ದಾಟಿಸಿದ್ದು ರಾತ್ರಿ ಶಾಲೆಯಲ್ಲಿ ಸಿಕ್ಕ ಮೇಷ್ಟರು, ಪಕ್ಕದ ಬೆಂಚಿನ ಬೇರೆ ಊರಿನ ಗೆಳೆಯ. ನೆಂಟರು ತಮಗೆ ಗೊತ್ತಿದ್ದ ಕೆಲಸಕ್ಕೆ ಹಚ್ಚಬಲ್ಲರು, ಅದರಾಚೆಯ ಬಾಗಿಲು ಅವರಿಗೂ ಕಂಡಿರುವುದಿಲ್ಲ.

ಸ್ವಾತಂತ್ರ್ಯದ ನಂತರ ಉತ್ತರಕ್ಕೆ ಬಂದ ಕನ್ನಡಿಗರ ಕಥೆ ಬೇರೆ. ಇವರು ಚೀಟಿ ಹಿಡಿದು ಬಂದವರಲ್ಲ, ಆದೇಶ ಪತ್ರ ಹಿಡಿದು ಬಂದವರು. ಹರಿಯಾಣಕ್ಕೆ ಕನ್ನಡಿಗ ತಂತ್ರಜ್ಞರು ಬಂದದ್ದು ಮಾನೇಸರಿನ ಕಾಲದಲ್ಲಿ ಎಂದು ತಿಳಿದವರಿದ್ದಾರೆ, ಅದು ಸರಿಯಲ್ಲ. 1953ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್.ಎಂ.ಟಿ. 1963ರಲ್ಲಿ ಪಿಂಜೋರಿನಲ್ಲಿ ಕಾರ್ಖಾನೆ ತೆರೆಯಿತು. ಆಗಿನ್ನೂ ಹರಿಯಾಣ ರಾಜ್ಯವೇ ಹುಟ್ಟಿರಲಿಲ್ಲ, ಅದು ಹುಟ್ಟಿದ್ದು 1966ರಲ್ಲಿ. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಬಿ.ಇ.ಎಲ್. 1974ರಲ್ಲಿ ಗಾಜಿಯಾಬಾದಿನಲ್ಲಿ ತನ್ನ ಎರಡನೆಯ ಘಟಕವನ್ನು ತೆರೆಯಿತು. ಬ್ಯಾಂಕುಗಳದ್ದೂ ಹೀಗೆಯೇ. 1969ರ ಜುಲೈ 19ರಂದು ಕೆನರಾ ಮತ್ತು ಸಿಂಡಿಕೇಟ್, 1980ರ ಏಪ್ರಿಲ್ 15ರಂದು ಕಾರ್ಪೊರೇಷನ್ ಮತ್ತು ವಿಜಯಾ ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ಕರಾವಳಿಯಲ್ಲಿ ಹುಟ್ಟಿದ ಈ ನಾಲ್ಕು ಬ್ಯಾಂಕುಗಳ ಶಾಖೆಗಳು ಉತ್ತರ ಭಾರತದಲ್ಲಿ ಹೆಚ್ಚಿದಂತೆಲ್ಲ ವರ್ಗವಾಗಿ ಬಂದ ಕನ್ನಡ ಕುಟುಂಬಗಳೂ ಹೆಚ್ಚಿದವು. (2019 ಮತ್ತು 2020ರ ವಿಲೀನಗಳಲ್ಲಿ ಈ ನಾಲ್ಕರ ಪೈಕಿ ಕೆನರಾ ಒಂದೇ ತನ್ನ ಹೆಸರನ್ನು ಉಳಿಸಿಕೊಂಡಿತು. ನಮ್ಮ ಎಷ್ಟೋ ಹಿರಿಯರ ಪಿಂಚಣಿ ಪುಸ್ತಕದ ಮೇಲೆ ಈಗ ಬೇರೆ ಬ್ಯಾಂಕಿನ ಹೆಸರಿದೆ.)

ಈ ತಲೆಮಾರಿನವರಿಗೆ ಪರೀಕ್ಷೆಯೇ ದೊಡ್ಡ ಬಲ. ಶಿಫಾರಸನ್ನು ಅವರು ಅಷ್ಟು ಕೀಳಾಗಿ ಕಾಣುವುದಕ್ಕೆ ಇದೇ ಕಾರಣ. ತಾವು ಯಾರ ಹಂಗೂ ಇಲ್ಲದೆ ಬಂದವರು ಎಂಬ ಅಭಿಮಾನ ಅವರಿಗೆ. ಅಭಿಮಾನ ತಕ್ಕದ್ದೇ. ಆದರೂ ದೆಹಲಿಯಲ್ಲಿ ಮೊದಲ ಬಾಡಿಗೆ ಮನೆ ಯಾರ ಮಾತಿನಿಂದ ಸಿಕ್ಕಿತು, ಮಗುವಿಗೆ ಲೋದಿ ಎಸ್ಟೇಟಿನ ಕನ್ನಡ ಶಾಲೆಯಲ್ಲಿ ಸೀಟು ಖಾಲಿ ಇದೆಯೆಂದು ಹೇಳಿದವರು ಯಾರು, ಬೆಂಗಳೂರಿಗೆ ವರ್ಗ ಬೇಕಾದಾಗ ಅರ್ಜಿಯನ್ನು ಯಾವ ಮೇಜಿಗೆ ಕೊಡಬೇಕೆಂದು ತಿಳಿಸಿದವರು ಯಾರು ಎಂದು ಕೇಳಿ ನೋಡಿ. ರಾಜ್ಯೋತ್ಸವದ ಊಟದ ಸಾಲಿನಲ್ಲಿ ಪಕ್ಕಕ್ಕೆ ಕುಳಿತವರ ಹೆಸರು ಬಂದೇ ಬರುತ್ತದೆ.

ಖಾಲಿ ಹುದ್ದೆಯ ಸುದ್ದಿಯನ್ನು ಎಲ್ಲರಿಗೂ ಮುಟ್ಟಿಸಲು ಸರ್ಕಾರವೂ ಪ್ರಯತ್ನಿಸಿತು. 1959ರಲ್ಲಿ ಬಂದ ಕಾಯಿದೆಯ ಪ್ರಕಾರ ಕಾರ್ಖಾನೆಗಳೂ ಕಚೇರಿಗಳೂ ಖಾಲಿ ಹುದ್ದೆಗಳನ್ನು ಉದ್ಯೋಗ ವಿನಿಮಯ ಕೇಂದ್ರಕ್ಕೆ ತಿಳಿಸಬೇಕಾಗಿತ್ತು. 1976ರಲ್ಲಿ ಎಂಪ್ಲಾಯ್‌ಮೆಂಟ್ ನ್ಯೂಸ್ ವಾರಪತ್ರಿಕೆ ಹೊರಟಿತು. ವಿನಿಮಯ ಕೇಂದ್ರದ ಕಾರ್ಡು ಮಾಡಿಸಿ ವರ್ಷ ವರ್ಷವೂ ನವೀಕರಿಸಿಕೊಂಡು ಕಾದವರು ನಮ್ಮಲ್ಲಿ ಎಷ್ಟೋ ಮಂದಿ. ಕಾರ್ಡು ಹಳೆಯದಾಯಿತು, ಕರೆ ಬರಲಿಲ್ಲ. ಖಾಸಗಿ ಕಾರ್ಖಾನೆಗಳು ತಮಗೆ ಬೇಕಾದವರನ್ನು ಹಳೆಯ ರೀತಿಯಲ್ಲೇ ಹುಡುಕಿಕೊಂಡವು.

1995ರ ಆಗಸ್ಟ್ 15ರಂದು ನಮ್ಮ ದೇಶದಲ್ಲಿ ಇಂಟರ್‌ನೆಟ್ ಸಾರ್ವಜನಿಕರಿಗೆ ದೊರೆಯಿತು. ಎರಡೇ ವರ್ಷಗಳಲ್ಲಿ, 1997ರಲ್ಲಿ, ದೆಹಲಿಯ ಸಂಜೀವ್ ಬಿಖ್‌ಚಂದಾನಿ ನೌಕರಿ ಡಾಟ್ ಕಾಮ್ ಆರಂಭಿಸಿದರು. ಅದರ ಕೇಂದ್ರ ಕಚೇರಿ ನಮ್ಮ ನೆರೆಯ ನೋಯ್ಡಾದಲ್ಲೇ ಇದೆ. ಪತ್ರಿಕೆಯ ಜಾಹೀರಾತು ಕಂಪ್ಯೂಟರಿಗೆ ಬಂದಂತೆ ಅದು. ಆದರೆ 2003ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ರೀಡ್ ಹಾಫ್‌ಮನ್ ಮತ್ತು ಜೊತೆಗಾರರು ತೆರೆದ ಲಿಂಕ್ಡ್‌ಇನ್ ಬೇರೆ ಜಾತಿಯದು. ಅದರಲ್ಲಿ ಮುಖ್ಯವಾದದ್ದು ಹುದ್ದೆಯಲ್ಲ, ಮನುಷ್ಯ. ಯಾರು ಎಲ್ಲಿ ಕೆಲಸ ಮಾಡಿದ್ದಾರೆ, ಅವರಿಗೆ ಯಾರು ಗೊತ್ತು, ಅವರ ಮೂಲಕ ಇನ್ನಾರು ಗೊತ್ತು ಎಂಬ ಸರಪಳಿಯನ್ನು ಅದು ಕಣ್ಣಿಗೆ ಕಾಣುವಂತೆ ಮಾಡಿತು. 2016ರಲ್ಲಿ ಮೈಕ್ರೋಸಾಫ್ಟ್ ಕಂಪನಿ ಇದಕ್ಕೆ 2,620 ಕೋಟಿ ಡಾಲರು ಕೊಟ್ಟು ಕೊಂಡಿತೆಂದರೆ ಪರಿಚಯದ ಬೆಲೆ ಎಷ್ಟೆಂದು ಊಹಿಸಿಕೊಳ್ಳಬಹುದು. ಅಮೆರಿಕವನ್ನು ಬಿಟ್ಟರೆ ಅದರ ಸದಸ್ಯರು ಹೆಚ್ಚಾಗಿರುವುದು ಭಾರತದಲ್ಲಿ.

ಇದರ ಹಿಂದಿರುವ ಮರ್ಮವನ್ನು ಜಾಲತಾಣ ಹುಟ್ಟುವುದಕ್ಕೆ ಮೂವತ್ತು ವರ್ಷ ಮೊದಲೇ ಒಬ್ಬ ಸಮಾಜಶಾಸ್ತ್ರಜ್ಞ ಹೇಳಿದ್ದ. ಮಾರ್ಕ್ ಗ್ರಾನೊವೆಟರ್ ಎಂಬಾತ ಅಮೆರಿಕದ ಬಾಸ್ಟನ್ ಬಳಿಯ ಒಂದು ಪಟ್ಟಣದಲ್ಲಿ, ಹೊಸದಾಗಿ ಕೆಲಸ ಬದಲಾಯಿಸಿದವರನ್ನು ವಿಚಾರಿಸಿ 1973ರಲ್ಲಿ ಲೇಖನ ಬರೆದ. ಪರಿಚಯದವರಿಂದ ಕೆಲಸ ಪಡೆದವರನ್ನು 'ಆ ಪರಿಚಯದವರನ್ನು ಎಷ್ಟು ಸಲ ಕಾಣುತ್ತಿದ್ದಿರಿ?' ಎಂದು ಕೇಳಿದಾಗ, ಪದೇ ಪದೇ ಕಾಣುತ್ತಿದ್ದೆವು ಎಂದವರು ನೂರಕ್ಕೆ 17 ಮಂದಿ ಮಾತ್ರ. ಆಗೊಮ್ಮೆ ಈಗೊಮ್ಮೆ ಎಂದವರು 56, ವರ್ಷಕ್ಕೊಮ್ಮೆಯೂ ಅಪರೂಪ ಎಂದವರು 28. ಸಮೀಕ್ಷೆ ಸಣ್ಣದು, ಆದರೆ ಮಾತು ದೊಡ್ಡದು. ಮನೆಯವರಿಗೆ, ಆಪ್ತರಿಗೆ ಗೊತ್ತಿರುವುದು ಬಹುಮಟ್ಟಿಗೆ ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ದೂರದ ಪರಿಚಯದಿಂದ. 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಲಿಂಕ್ಡ್‌ಇನ್ನಿನ ಎರಡು ಕೋಟಿ ಸದಸ್ಯರ ಐದು ವರ್ಷಗಳ ವ್ಯವಹಾರವನ್ನು ಪರೀಕ್ಷಿಸಿ ಹೆಚ್ಚು ಕಡಿಮೆ ಇದನ್ನೇ ಹೇಳಿತು, ಒಂದು ತಿದ್ದುಪಡಿಯೊಂದಿಗೆ: ತೀರ ದೂರದ ಪರಿಚಯವೂ ಪ್ರಯೋಜನಕ್ಕೆ ಬಾರದು, ನಡುವಣ ದೂರದ್ದೇ ಒಳ್ಳೆಯದು. ನಮ್ಮ ಸಂಘದ ಸಭೆಗಳಲ್ಲಿ ವರ್ಷಕ್ಕೆ ಮೂರು ಸಲ ನಮಸ್ಕಾರ ಹೇಳಿಕೊಳ್ಳುವವರ ಪರಿಚಯ ಸರಿಯಾಗಿ ಈ ಅಳತೆಯದೇ.

ಈಗ ಮಾನೇಸರಿಗೆ ಬರೋಣ. ಅರಾವಳಿ ಗುಡ್ಡಗಳ ಪಕ್ಕದ ಹಳ್ಳಿಯಾಗಿದ್ದ ಈ ಸ್ಥಳದಲ್ಲಿ 1990ರ ದಶಕದಲ್ಲಿ ಹರಿಯಾಣದ ಕೈಗಾರಿಕಾ ನಿಗಮ ಮಾದರಿ ಕೈಗಾರಿಕಾ ನಗರವನ್ನು ಎಬ್ಬಿಸಿತು. 2001ರಲ್ಲಿ ಹೋಂಡಾ ಸ್ಕೂಟರುಗಳು ಇಲ್ಲಿಂದ ಹೊರಬಿದ್ದವು, 2006ರಲ್ಲಿ ಮಾರುತಿಯ ಕಾರ್ಖಾನೆ ನಡೆಯತೊಡಗಿತು. ಅವುಗಳ ಬೆನ್ನಿಗೆ ಬಿಡಿಭಾಗ ಮಾಡುವ ಹತ್ತಾರು ಕಾರ್ಖಾನೆಗಳು ಬಂದವು. ಆದರೆ ಒಂದೇ ಗೇಟಿನೊಳಗೆ ಎರಡು ಲೋಕಗಳಿವೆ. ಎಂಜಿನಿಯರನಿಗೆ ಲಿಂಕ್ಡ್‌ಇನ್ ಇದೆ, ಐ.ಟಿ.ಐ. ಮುಗಿಸಿ ಬಂದ ಹುಡುಗನಿಗೆ ಇರುವುದು ಠೇಕೇದಾರ. ಇವನ ಹೆಸರು ಕಂಪನಿಯ ಪುಸ್ತಕದಲ್ಲಿ ಕಾಯಂ ಆಗಿ ಇರುವುದಿಲ್ಲ, ಕೆಲಸ ಮುಗಿದ ಮೇಲೆ ಇವನ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯುವವರೂ ಇರುವುದಿಲ್ಲ. 2011-12ರಲ್ಲಿ ಮಾರುತಿಯ ಮಾನೇಸರ್ ಕಾರ್ಖಾನೆಯಲ್ಲಿ ನಡೆದ ಕಲಹಗಳಿಗೆ, ಕೊನೆಗೆ 2012ರ ಜುಲೈ 18ರಂದು ಒಬ್ಬ ಅಧಿಕಾರಿಯ ಪ್ರಾಣವನ್ನೇ ತೆಗೆದುಕೊಂಡ ಆ ದುರಂತಕ್ಕೆ, ಹಿನ್ನೆಲೆಯಾಗಿದ್ದ ಕಾರಣಗಳಲ್ಲಿ ಕಾಯಂ ನೌಕರರಿಗೂ ಗುತ್ತಿಗೆ ನೌಕರರಿಗೂ ಇದ್ದ ಅಂತರವೂ ಒಂದು. ಜಾಲತಾಣ ಎಲ್ಲರಿಗೂ ತೆರೆದಿದೆ ಎನ್ನುವವರು ಈ ಹುಡುಗನನ್ನು ಮರೆಯುತ್ತಾರೆ. ಬಾಗಿಲು ತೆರೆದಿದ್ದರೂ ಒಳಗೆ ನಡೆಯುವ ಮಾತು ಹೆಚ್ಚಾಗಿ ಇಂಗ್ಲಿಷಿನದು, ಅದೂ ತನ್ನನ್ನು ತಾನೇ ಹೊಗಳಿಕೊಳ್ಳುವ ಇಂಗ್ಲಿಷಿನದು. ನಮ್ಮ ಕಡೆಯ ಮಕ್ಕಳಿಗೆ ಆ ವಿದ್ಯೆಯನ್ನು ಯಾರೂ ಕಲಿಸಿಲ್ಲ.

ಮಾನೇಸರಿನಲ್ಲೇ ಇನ್ನೊಂದು ಬಗೆಯ ನಿದರ್ಶನವೂ ಇದೆ. ಇಲ್ಲಿಯ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರವನ್ನು 2003ರ ಡಿಸೆಂಬರಿನಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ದೇಶಕ್ಕೆ ಅರ್ಪಿಸಿದರು. ಅದರ ಸ್ಥಾಪಕ ನಿರ್ದೇಶಕರು ವಿಜಯಲಕ್ಷ್ಮಿ ರವೀಂದ್ರನಾಥ್. ಮೈಸೂರು ವಿಶ್ವವಿದ್ಯಾನಿಲಯದಿಂದ 1981ರಲ್ಲಿ ಡಾಕ್ಟರೇಟ್ ಪಡೆದು, ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಕೆಲಸ ಮಾಡಿ ಇಲ್ಲಿಗೆ ಬಂದವರು, ಮುಂದೆ ಭಾರತೀಯ ವಿಜ್ಞಾನ ಸಂಸ್ಥೆಗೆ ಹೋದರು. ವಿಜ್ಞಾನಿಗಳ ಲೋಕದಲ್ಲೂ ಪರಿಚಯ ಇದ್ದೇ ಇದೆ. ಆದರೆ ಅಲ್ಲಿ ಒಬ್ಬರಿಗೊಬ್ಬರು ಗೊತ್ತಾಗುವುದು ಮಾಡಿದ ಕೆಲಸದ ಮೂಲಕ, ಪ್ರಕಟಿಸಿದ ಪ್ರಬಂಧದ ಮೂಲಕ. ಕಾರ್ಖಾನೆಯ ಹುಡುಗನೂ ಜಾಲತಾಣದ ತನ್ನ ಪುಟದಲ್ಲಿ 'ಪರಿಶ್ರಮಿ, ಉತ್ಸಾಹಿ' ಎಂದು ಬರೆಯುವ ಬದಲು ಯಾವ ಯಂತ್ರದ ಮೇಲೆ ಎಷ್ಟು ವರ್ಷ ಕೈ ಆಡಿಸಿದ್ದಾನೆ, ಯಾವ ದೋಷವನ್ನು ಹೇಗೆ ಸರಿಪಡಿಸಿದ್ದಾನೆ ಎಂದು ಬರೆದರೆ ಓದುವವರಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತದೆ.

ಹಾಗಾದರೆ ನಾವು ಕಳೆದುಕೊಂಡದ್ದೇನು? ಆ ಚೀಟಿಯ ಕೆಳಗಿನ ಸಹಿಯನ್ನು. 2012ರಲ್ಲಿ ಲಿಂಕ್ಡ್‌ಇನ್ ಒಂದು ಗುಂಡಿಯನ್ನು ತಂದಿತು. ಅದನ್ನೊತ್ತಿದರೆ ಇಂಥವರಿಗೆ ಇಂಥ ವಿದ್ಯೆ ಬರುತ್ತದೆಂದು ನಾವು ಸಾಕ್ಷಿ ನುಡಿದಂತೆ. ಒತ್ತುವುದಕ್ಕೆ ಖರ್ಚಿಲ್ಲ, ತಪ್ಪಾದರೆ ಕೇಳುವವರಿಲ್ಲ. ಎಂದೂ ಜೊತೆಗೆ ಕೆಲಸ ಮಾಡದವರು ಪರಸ್ಪರ ಸಾಕ್ಷಿ ನುಡಿದುಕೊಂಡದ್ದನ್ನು ಎಷ್ಟೋ ಕಡೆ ಕಾಣಬಹುದು. ಯಾರೂ ಒತ್ತೆಯಿಡದ ಕಡೆ ವಂಚಕನಿಗೆ ಸುಗ್ಗಿ. ದೊಡ್ಡ ಕಂಪನಿಗಳ ಹೆಸರಿನಲ್ಲಿ ಸುಳ್ಳು ನೇಮಕ ಪತ್ರ ಕಳಿಸಿ 'ಠೇವಣಿ' ಕೇಳುವವರಿದ್ದಾರೆ. ನೇಮಕಕ್ಕೆ ಹಣ ಕೇಳುವುದಿಲ್ಲವೆಂದು ಕಂಪನಿಗಳು ತಮ್ಮ ತಾಣಗಳಲ್ಲಿ ಎಚ್ಚರಿಸುತ್ತಲೇ ಇವೆ. ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸವೆಂದು ನಂಬಿಸಿ ಕರೆದೊಯ್ದು ಮ್ಯಾನ್ಮಾರಿನ ಮೋಸದ ಅಡ್ಡೆಗಳಲ್ಲಿ ಕೂಡಿಹಾಕುವ ಜಾಲದ ಬಗ್ಗೆ 2022ರ ಸೆಪ್ಟೆಂಬರಿನಲ್ಲಿ ನಮ್ಮ ವಿದೇಶಾಂಗ ಇಲಾಖೆಯೇ ಪ್ರಕಟಣೆ ಹೊರಡಿಸಬೇಕಾಯಿತು. ಆ ಹುಡುಗರನ್ನು ಬಲೆಗೆ ಕೆಡವಿದ್ದು ಸಾಮಾಜಿಕ ಜಾಲತಾಣಗಳ ಜಾಹೀರಾತುಗಳು.

ನಮ್ಮ ಅಭಿಪ್ರಾಯದಲ್ಲಿ ಹಳೆಯ ಚೀಟಿಯ ಜವಾಬ್ದಾರಿಯನ್ನು ಹೊಸ ಜಾಲಕ್ಕೆ ತರುವುದು ಕಷ್ಟವೇನಲ್ಲ. ಅದರ ಸಂಕುಚಿತತೆಯನ್ನು ಮಾತ್ರ ತರಬಾರದು. ಹಳೆಯ ಚೀಟಿ ಜಾತಿ ನೋಡಿ, ಊರು ನೋಡಿ ಬರೆದದ್ದು. ಹಡಗಿನ ಕಟ್ಟೆಯಲ್ಲಿ ಚೀಟಿಯಿಲ್ಲದೆ ನಿಂತವನ ಕಥೆಯನ್ನು ಯಾವ ಸಂಘದ ಸ್ಮರಣ ಸಂಚಿಕೆಯೂ ಬರೆದಿಲ್ಲ. ಮಾನೇಸರಿನಲ್ಲಿ ಇಂದು ಅಂಥವನು ಬಹುಶಃ ರಾಯಚೂರಿನ ಕಡೆಯವನು, ಕಲಬುರಗಿಯ ಕಡೆಯವನು; ಅವನ ಮನೆಯಲ್ಲಿ ಕಾರ್ಖಾನೆ ಕಂಡವನು ಅವನೇ ಮೊದಲಿಗ. ಅವನಿಗೆ ಈ ಮಹಾನಗರದಲ್ಲಿ ಒಬ್ಬ ಕನ್ನಡಿಗ ಅಧಿಕಾರಿಯ ಪರಿಚಯವೂ ಇಲ್ಲ, ಇರುವುದು ಮೊಬೈಲಿನಲ್ಲಿ ನಮ್ಮ ಹೆಸರು ಕಂಡಾಗ 'ಸರ್, ನಾನೂ ಕರ್ನಾಟಕದವನು' ಎಂದು ಎರಡು ಸಾಲು ಬರೆಯುವ ಧೈರ್ಯ ಮಾತ್ರ.

ಆ ಎರಡು ಸಾಲು ಬಂದಾಗ ನಮ್ಮಲ್ಲಿ ಅನೇಕರು ಉತ್ತರಿಸುವುದಿಲ್ಲ. ಕೆಲಸ ಕೇಳುತ್ತಾನೆಂಬ ಅಂಜಿಕೆ. ಅವನಿಗೆ ಬೇಕಾದದ್ದು ಅನೇಕ ವೇಳೆ ಕೆಲಸವಲ್ಲ, ಸುದ್ದಿ. ಹೋಂಡಾ ಕಂಪನಿ 2013ರಲ್ಲಿ ಕೋಲಾರ ಜಿಲ್ಲೆಯ ನರಸಾಪುರದಲ್ಲೂ ಕಾರ್ಖಾನೆ ತೆರೆಯಿತು. ಬಿಡದಿಯಲ್ಲಿ 1999ರಿಂದ ಟೊಯೊಟಾ ಕಿರ್ಲೋಸ್ಕರ್ ಇದೆ. ಮಾನೇಸರಿನಲ್ಲಿ ಕಲಿತ ಕೈಗೆ ಅಲ್ಲಿ ಬೆಲೆಯಿದೆಯೆ, ಅಪ್ರೆಂಟಿಸ್ ಪ್ರಮಾಣ ಪತ್ರ ಅಲ್ಲಿ ಸಲ್ಲುತ್ತದೆಯೆ, ಯಾವ ತಿಂಗಳಲ್ಲಿ ನೇಮಕ ನಡೆಯುತ್ತದೆ, ಬಂದಿರುವ ಪತ್ರ ನಿಜವಾದದ್ದೆ ಸುಳ್ಳೆ ಎಂಬುದನ್ನು ಹತ್ತು ನಿಮಿಷ ಮಾತಾಡಿ ಹೇಳಬಲ್ಲವರು ನಮ್ಮ ಓದುಗರಲ್ಲೇ ಇದ್ದಾರೆ. ವಯಸ್ಸಾದ ತಂದೆ ತಾಯಿಯರು ಊರಿನಲ್ಲಿರುವ ಹುಡುಗನಿಗೆ ಆ ಹತ್ತು ನಿಮಿಷ ದೊಡ್ಡದು. ಅವನ ಕೆಲಸವನ್ನು ಕಣ್ಣಾರೆ ಕಂಡಿದ್ದರೆ ಆ ಗುಂಡಿಯನ್ನು ಒತ್ತಿ ಸುಮ್ಮನಾಗುವುದಕ್ಕಿಂತ, ಏನು ಕಂಡೆವೆಂಬುದನ್ನು ನಾಲ್ಕು ಸಾಲಿನಲ್ಲಿ ಬರೆದು ಕೆಳಗೆ ನಮ್ಮ ಹೆಸರನ್ನು ಹಾಕಬಹುದು; ಕಂಡಿಲ್ಲದಿದ್ದರೆ 'ಒಂದು ದಿನ ಬಾ, ಮಾತಾಡೋಣ' ಎನ್ನಬಹುದು.